ಎರಡು ಹಲ್ಲು ಕಡಿಮೆ, ಊಟ ಜೋರು

ಹಾಲುಹಲ್ಲು ಬಿದ್ದ ಏಳು ವರ್ಷದ ಮಗುವಿಗೆ ಕರಡಿಯ ಪಾಠ ಬೇಗ ತಲೆಗೆ ಹತ್ತುತ್ತದೆ. ಮೇಲ್ದವಡೆಯ ಮುಂದಿನ ಎರಡು ಹಲ್ಲು ಬಿದ್ದ ಸಂದಿಯಲ್ಲಿ ಗಾಳಿ ಎಳೆದುಕೊಂಡರೆ 'ಸುರ್' ಎನ್ನುತ್ತದಲ್ಲ, ನಮ್ಮ ಕಪ್ಪು ಕರಡಿ ಹೊಟ್ಟೆ ಹೊರೆಯುವುದೇ ಹಾಗೆ. ಮಗುವಿಗೆ ಹೊಸ ಹಲ್ಲು ಬರುತ್ತದೆ, ಕರಡಿಗೆ ಆ ಜಾಗ ಕೊನೆಯವರೆಗೂ ಖಾಲಿ.

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಕೂಡ್ಲಿಗಿ ಸೀಮೆಯ ಪೋಷಕರು ಈ ಪಾಠಕ್ಕೆ ದೂರ ಅಲೆಯಬೇಕಿಲ್ಲ. ಗುಡೇಕೋಟೆಯ ಬಂಡೆಗುಡ್ಡಗಳಲ್ಲಿ 2013ರಲ್ಲಿ ಘೋಷಣೆಯಾದ ಕರಡಿಧಾಮವೇ ಇದೆ. ಆದರೆ ಕರಡಿ ಕಣ್ಣಿಗೆ ಬೀಳಲೇಬೇಕು ಎನ್ನುವವರಿಗೆ ಹೊಸಪೇಟೆ ಕಡೆಯ ದರೋಜಿ ವಾಸಿ. 1994ರಲ್ಲಿ ಸ್ಥಾಪನೆಯಾದ ಈ ಧಾಮದಲ್ಲಿ ಅರಣ್ಯ ಸಿಬ್ಬಂದಿ ಮಧ್ಯಾಹ್ನ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಬೆಲ್ಲ, ಜೇನಿನ ಪಾಕ ಹಚ್ಚುವ ರೂಢಿಯಿದೆ. ವೀಕ್ಷಣಾ ಗೋಪುರದಲ್ಲಿ ದುರ್ಬೀನು ಹಿಡಿದು ಗಲಾಟೆ ಮಾಡದೆ ಕಾದರೆ, ಸಂಜೆಯ ಹೊತ್ತಿಗೆ ಕರಡಿಗಳು ಬಂಡೆ ನೆಕ್ಕಲು ಇಳಿಯುತ್ತವೆ.

ಬಂಡೆ ನೆಕ್ಕುವುದು ಚೆಂದದ ನೋಟವೇನೋ ಹೌದು. ಆದರೆ ಕರಡಿಯ ನಿಜವಾದ ಕಸುಬು ಕಾಣುವುದು ಗೆದ್ದಲಹುಳುವಿನ ಹುತ್ತದ ಮುಂದೆ.

ಬಿಸಿಲಿಗೆ ಕಲ್ಲಿನಂತಾದ ಹುತ್ತವನ್ನು ಅದು ಬೆರಳುದ್ದದ ಬಾಗಿದ ಉಗುರುಗಳಿಂದ ಒಡೆಯುತ್ತದೆ. ಮೂತಿಯನ್ನು ತೂತಿಗೆ ಒತ್ತಿ ಮೊದಲು ಉಫ್ ಎಂದು ಊದಿ ಮಣ್ಣು ಹಾರಿಸುತ್ತದೆ. ಆಮೇಲೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಸಡಿಲವಾದ ಉದ್ದ ತುಟಿಗಳನ್ನು ಕೊಳವೆಯಾಗಿ ಚಾಚಿ, ಹಲ್ಲಿಲ್ಲದ ಸಂದಿಯಿಂದ ಹುಳುಗಳನ್ನು ಒಂದೇ ಸಮನೆ ಹೀರುತ್ತದೆ. ಅಂಗುಳವೂ ಈ ಕೆಲಸಕ್ಕೆ ತಕ್ಕಂತೆ ಗುಳಿಬಿದ್ದಿದೆ. ಹೊಳ್ಳೆ ಮುಚ್ಚಿದ್ದರಿಂದ ಮೂಗಿಗೆ ಮಣ್ಣೂ ಹೋಗದು, ಹುಳುವೂ ಹೋಗದು. ಹೀರುವ ಸದ್ದು ನೂರು ಮೀಟರಿಗೂ ಆಚೆ ಕೇಳುತ್ತದೆ. ಮಾಂಸಾಹಾರಿಗಳ ಗಣಕ್ಕೆ ಸೇರಿದ, ನೂರು ಕಿಲೋ ದಾಟಬಲ್ಲ ಪ್ರಾಣಿಯೊಂದು ಅಕ್ಕಿಕಾಳಿನಷ್ಟಿರುವ ಹುಳುಗಳನ್ನು ನೆಚ್ಚಿಕೊಂಡು ಬದುಕುವುದು ಸಣ್ಣ ಮಾತಲ್ಲ. ಹಣ್ಣಿನ ಕಾಲದಲ್ಲಿ ಸೀತಾಫಲ, ಬಾರೆ, ಕವಳೆ ಸಿಕ್ಕರೆ ಊಟದ ಪಟ್ಟಿ ಬದಲಾಗುತ್ತದೆ.

ಮರಿಗಳಿಗೆ ತಾಯಿಯ ಬೆನ್ನೇ ವಾಹನ. ಜೂಲಿನಂಥ ಕೂದಲು ಹಿಡಿದು ಕೂತು ಅವು ತಿಂಗಳುಗಟ್ಟಲೆ ಸವಾರಿ ಮಾಡುತ್ತವೆ. ಮರಿಗಳನ್ನು ಹೀಗೆ ಹೊತ್ತು ತಿರುಗುವ ರೂಢಿ ಬೇರೆ ಜಾತಿಯ ಕರಡಿಗಳಲ್ಲಿಲ್ಲ.

ಒಂದು ಕಾಲಕ್ಕೆ ಕರಡಿಯೇ ಮಕ್ಕಳಿದ್ದಲ್ಲಿಗೆ ಬರುತ್ತಿತ್ತು. ಕರಡಿ ಕುಣಿಸುವವರು ಬೀದಿಗೆ ಬಂದರೆ ಮುಟ್ಟಿ ನೋಡಬಹುದಿತ್ತು, ತಾಯತಕ್ಕೆ ಕೂದಲೂ ಸಿಗುತ್ತಿತ್ತು. ಹಾಗೆ ಕುಣಿಯುವ ಕರಡಿಯ ಮೂತಿಯನ್ನು ಮರಿಯಿದ್ದಾಗಲೇ ಚುಚ್ಚಿ ಹಗ್ಗ ಪೋಣಿಸಿರುತ್ತಿದ್ದರು, ಕೋರೆಹಲ್ಲು ಕಿತ್ತಿರುತ್ತಿದ್ದರು. ಊದಲು, ಹೀರಲು, ಮೂಸಲು ಬೇಕಾದ ಅಂಗಕ್ಕೇ ತೂತು! 1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ಈ ಆಟ ದಶಕಗಳ ಕಾಲ ನಡೆಯಿತು. ಕುಣಿಸುವವರಿಗೆ ಬೇರೆ ಜೀವನೋಪಾಯ ಕಲ್ಪಿಸಿ ಕರಡಿಗಳನ್ನು ಬಿಡಿಸಿಕೊಳ್ಳುವ ಕೆಲಸವನ್ನು ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಕೈಗೆತ್ತಿಕೊಂಡಿತು. ಕೊನೆಯದೆಂದು ಅದು ಲೆಕ್ಕ ಹಾಕಿದ ಕರಡಿ 2009ರಲ್ಲಿ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರ ಸೇರಿತು.

ಈಗ ಕರಡಿಯನ್ನು ಮುಟ್ಟುವಂತಿಲ್ಲ, ದೂರದಿಂದಲೇ ನೋಡಬೇಕು. ಹಾಗಾದರೆ ಮಕ್ಕಳ ಕೈಗೆ ಕೆಲಸವೇ ಇಲ್ಲವೇ? ಇದೆ. ಕರಡಿಯ ಹಿಕ್ಕೆ ದಾರಿಯಲ್ಲಿ ಸಿಕ್ಕರೆ, ಜೊತೆಗಿರುವ ಅರಣ್ಯ ಸಿಬ್ಬಂದಿಯನ್ನು ಕೇಳಿ, ಕಡ್ಡಿಯಿಂದ ಕೆದಕಬಹುದು. ಗೆದ್ದಲಿನ ತಲೆಚಿಪ್ಪು ಕಂಡರೆ ಹುತ್ತದ ಊಟ, ಬೀಜ ಕಂಡರೆ ಹಣ್ಣಿನ ಊಟ. ಶೇಂಗಾ ಸಿಪ್ಪೆ ಕಂಡರೆ ಅದು ಯಾವುದೋ ರೈತನ ಹೊಲಕ್ಕೆ ಹೋಗಿ ಬಂದಿದೆ ಎಂದರ್ಥ. ಅಲ್ಲಿಂದ ಪಾಠ ಬೇರೆಯೇ ದಾರಿ ಹಿಡಿಯುತ್ತದೆ. ತಿನ್ನುವುದರಲ್ಲಿ ಮುಳುಗಿದ ಕರಡಿಗೆ ಮನುಷ್ಯ ಬಂದದ್ದು ತೀರ ಹತ್ತಿರವಾಗುವವರೆಗೂ ಗೊತ್ತಾಗದೆ ಹೋಗಬಹುದು. ಗಾಬರಿಬಿದ್ದರೆ ಓಡುವ ಬದಲು ಮೇಲೆರಗುತ್ತದೆ. ಗುಡ್ಡದಂಚಿನ ಹೊಲಕ್ಕೆ ಮುಂಜಾನೆ, ಮುಸ್ಸಂಜೆ ಹೋಗುವವರು ಒಬ್ಬರೇ ಹೋಗದೆ, ಜೋರಾಗಿ ಮಾತಾಡುತ್ತಲೋ ಕೋಲು ಬಡಿಯುತ್ತಲೋ ನಡೆಯಬೇಕು ಎನ್ನುವುದು ಇದೇ ಕಾರಣಕ್ಕೆ.