ಮಸ್ಟ್ (ಇಂಗ್ಲಿಷ್ ಸಹಾಯಕ ಕ್ರಿಯಾಪದ)

'ಮಸ್ಟ್' ಇಂಗ್ಲಿಷ್ ಭಾಷೆಯ ಮೋಡಲ್ ಸಹಾಯಕ ಕ್ರಿಯಾಪದಗಳಲ್ಲಿ ಒಂದು. ಕಡ್ಡಾಯ ಮತ್ತು ಬಲವಾದ ಊಹೆ ಇದರ ಎರಡು ಮುಖ್ಯ ಅರ್ಥಗಳು. ಕನ್ನಡದ 'ಬೇಕು' ಸಹ ಇವೆರಡನ್ನೂ ಸೂಚಿಸುತ್ತದೆ: 'ಆರು ಗಂಟೆಗೆ ನೀನು ಮನೆಯಲ್ಲಿರಬೇಕು' ಎಂಬುದು ಆಜ್ಞೆ, 'ದೀಪ ಉರಿಯುತ್ತಿದೆ, ಅವನು ಮನೆಯಲ್ಲಿರಬೇಕು' ಎಂಬುದು ಊಹೆ. ಈ ಸಾಮ್ಯ ನಿಷೇಧಾರ್ಥದಲ್ಲಿಯೂ ಭೂತಕಾಲದಲ್ಲಿಯೂ ಉಳಿಯುವುದಿಲ್ಲ.

ನಿಷೇಧಾರ್ಥ

'ಮಸ್ಟ್ ನಾಟ್' ಎಂದರೆ 'ಬೇಕಿಲ್ಲ' ಎಂದಲ್ಲ, 'ಬಾರದು' ಎಂದು. ಇಲ್ಲಿ 'ನಾಟ್' ಪದವು ಕಡ್ಡಾಯವನ್ನು ತೆಗೆದುಹಾಕದೆ ಮುಂದಿನ ಕ್ರಿಯೆಯನ್ನು ನಿರಾಕರಿಸುತ್ತದೆ. ಮಾಡದೆ ಇರುವುದೇ ಕಡ್ಡಾಯವಾಗುತ್ತದೆ. 'ಬೇಕಿಲ್ಲ' ಎಂಬ ಅರ್ಥಕ್ಕೆ 'ನೀಡ್ ನಾಟ್' ಅಥವಾ 'ಡೋಂಟ್ ಹ್ಯಾವ್ ಟು' ಬಳಸಬೇಕು. 'ಈ ಮಾತ್ರೆಯನ್ನು ಊಟಕ್ಕೆ ಮೊದಲು ತೆಗೆದುಕೊಳ್ಳಬೇಕಿಲ್ಲ' ಎಂಬುದನ್ನು 'ಮಸ್ಟ್ ನಾಟ್' ಬಳಸಿ ಅನುವಾದಿಸಿದರೆ ರೋಗಿಗಿದ್ದ ಆಯ್ಕೆ ನಿಷೇಧವಾಗಿ ಮಾರ್ಪಡುತ್ತದೆ. ವಿಚಿತ್ರವೆಂದರೆ, ಇದರ ಜ್ಞಾತಿಪದವಾದ ಜರ್ಮನ್ ಭಾಷೆಯ 'ಮ್ಯುಸ್ಸೆನ್' ನಿಷೇಧ ಪದದೊಡನೆ ಬಂದಾಗ ಸಾಮಾನ್ಯವಾಗಿ 'ಬೇಕಿಲ್ಲ' ಎಂದೇ ಅರ್ಥ.

ಊಹೆಯ ನಿಷೇಧಕ್ಕೆ, ವಿಶೇಷವಾಗಿ ಬ್ರಿಟಿಷ್ ಬಳಕೆಯಲ್ಲಿ, 'ಕಾಂಟ್' ರೂಢಿಯಲ್ಲಿದೆ; ಅದು ಕನ್ನಡದ 'ಇರಲಾರ' ಎಂಬುದಕ್ಕೆ ಸಮೀಪ.

ಭೂತಕಾಲ

ಮಸ್ಟ್ ಹಳೆಯ ಇಂಗ್ಲಿಷಿನ ಒಂದು ಕ್ರಿಯಾಪದದ ಭೂತಕಾಲ ರೂಪದಿಂದ ಬಂದಿದೆ. ಆ ಮೂಲ ಕ್ರಿಯಾಪದ ಅನುಮತಿಯನ್ನೂ ಸೂಚಿಸುತ್ತಿತ್ತು. ಇಂದು ಮಸ್ಟ್‌ಗೆ ಪ್ರತ್ಯೇಕ ಭೂತಕಾಲ ರೂಪವಿಲ್ಲ. 'ಹೋಗಬೇಕಾಯಿತು' ಎನ್ನಲು 'ಹ್ಯಾಡ್ ಟು ಗೋ', 'ಹೋಗಿರಬೇಕು' ಎಂಬ ಊಹೆಗೆ 'ಮಸ್ಟ್ ಹ್ಯಾವ್ ಗಾನ್' ಬಳಕೆಯಾಗುತ್ತವೆ.

ಹ್ಯಾವ್ ಟು ಜೊತೆಗಿನ ವ್ಯತ್ಯಾಸ

ಮಸ್ಟ್‌ನಲ್ಲಿ ಮಾತನಾಡುವವರ ಅಧಿಕಾರ ಅಥವಾ ಸಂಕಲ್ಪವಿದ್ದರೆ, 'ಹ್ಯಾವ್ ಟು' ಹೊರಗಿನ ನಿಯಮ ಅಥವಾ ಪರಿಸ್ಥಿತಿಯ ಒತ್ತಾಯವನ್ನು ಹೇಳುತ್ತದೆ ಎಂದು ವ್ಯಾಕರಣಗಳು ವಿವರಿಸುತ್ತವೆ. ಇದು ಒಲವು ಮಾತ್ರ, ಕಟ್ಟುನಿಟ್ಟಾದ ನಿಯಮವಲ್ಲ. ಆಡುಮಾತಿನಲ್ಲಿ 'ಹ್ಯಾವ್ ಟು' ಹೆಚ್ಚು ಸಾಮಾನ್ಯ.

ಕಾನೂನು ಮತ್ತು ತಾಂತ್ರಿಕ ಬರಹ

ಇಂಗ್ಲಿಷ್ ಕಾನೂನು ಬರಹದಲ್ಲಿ ಕಡ್ಡಾಯಕ್ಕೆ 'ಶಲ್' ಬಳಸುವುದು ಹಳೆಯ ಪದ್ಧತಿ. ಭಾರತದ ಸಂವಿಧಾನದ ಇಂಗ್ಲಿಷ್ ಪಠ್ಯದಲ್ಲಿಯೂ ಅದೇ ಇದೆ. ಆದರೆ ಶಲ್ ಆಜ್ಞೆಯೋ, ಭವಿಷ್ಯ ಸೂಚನೆಯೋ ಎಂಬ ಸಂದಿಗ್ಧ ನ್ಯಾಯಾಲಯಗಳವರೆಗೂ ಹೋಗಿದೆ. ಹೀಗಾಗಿ ಸರಳ ಭಾಷೆಯ ಪ್ರತಿಪಾದಕರು ಮಸ್ಟ್ ಅನ್ನು ಶಿಫಾರಸು ಮಾಡುತ್ತಾರೆ. ದಕ್ಷಿಣ ಆಫ್ರಿಕಾದ 1996ರ ಸಂವಿಧಾನ ಮಸ್ಟ್ ಅನ್ನೇ ಬಳಸುತ್ತದೆ. ಅಮೆರಿಕದ ಒಕ್ಕೂಟ ನ್ಯಾಯಾಲಯಗಳ ಸಿವಿಲ್ ಪ್ರಕ್ರಿಯಾ ನಿಯಮಗಳಲ್ಲಿಯೂ 2007ರ ಪರಿಷ್ಕರಣೆಯಲ್ಲಿ ಶಲ್ ಅನ್ನು ಕೈಬಿಡಲಾಯಿತು. ಅಂತರಜಾಲ ಮಾನದಂಡಗಳಿಗಾಗಿ 1997ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 2119 ದಾಖಲೆಯು 'ಮಸ್ಟ್ ನಾಟ್' ಅನ್ನು ಸಂಪೂರ್ಣ ನಿಷೇಧವೆಂದೂ, 'ಶುಡ್' ಅನ್ನು ಸಕಾರಣವಿದ್ದರೆ ಬಿಡಬಹುದಾದ ಶಿಫಾರಸೆಂದೂ ನಿರೂಪಿಸುತ್ತದೆ.