ಚಳಿಗೆ ಮರಗಟ್ಟಿದವರ ಕೈಕಾಲು ಉಜ್ಜಬೇಕೇ? ಬ್ರಾಂದಿ ಕುಡಿಸಬೇಕೇ?

ಚಳಿಗಾಲ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಸಲಹೆಗಳು ಓಡಾಡತೊಡಗುತ್ತವೆ. ಚಳಿಗೆ ಮರಗಟ್ಟಿ ಬಿದ್ದವರ ಕೈಕಾಲು ಜೋರಾಗಿ ಉಜ್ಜಿ, ಒಂದು ಗುಟುಕು ಬ್ರಾಂದಿ ಕುಡಿಸಿ, ಬಿಸಿನೀರಿನಲ್ಲಿ ಕೂರಿಸಿ ಎನ್ನುವುದು ಅಂಥದ್ದೇ ಒಂದು. ಓದಿದರೆ ಸರಿಯೆನಿಸುತ್ತದೆ. ಆದರೆ ಮೈ ತೀರಾ ತಣ್ಣಗಾದವರಿಗೆ ಈ ಮೂರೂ ಅಪಾಯ.

ನಮ್ಮೂರಲ್ಲಿ ಹಿಮವೇ ಬೀಳುವುದಿಲ್ಲ, ನಮಗೇಕೆ ಇದು ಎನ್ನಬೇಡಿ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ ಕರ್ನಾಟಕದ ತಂಡವೊಂದು ಕೆಟ್ಟ ಹವೆಗೆ ಸಿಲುಕಿ 9 ಮಂದಿ ಪ್ರಾಣ ಕಳೆದುಕೊಂಡರು.

ಹೈಪೋಥರ್ಮಿಯಾ ಎಂದರೇನು?

ನಮ್ಮ ದೇಹದ ಒಳಗಿನ ತಾಪಮಾನ ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದು 35ಕ್ಕಿಂತ ಕೆಳಗಿಳಿದರೆ ಹೈಪೋಥರ್ಮಿಯಾ. 28ಕ್ಕಿಂತ ಕೆಳಗಿಳಿದರೆ ತೀವ್ರ ಹೈಪೋಥರ್ಮಿಯಾ. ಮನೆಯಲ್ಲಿರುವ ಪಾದರಸದ ಥರ್ಮಾಮೀಟರಿನ ಗೆರೆಗಳು 35ರಿಂದಲೇ ಶುರುವಾಗುವುದರಿಂದ ಅದರಲ್ಲಿ ಇದು ಗೊತ್ತಾಗದು. ಲಕ್ಷಣಗಳನ್ನೇ ನೋಡಬೇಕು.

ಮೊದಲು ಮೈ ನಡುಗುತ್ತದೆ. ಆಮೇಲೆ ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ಮಂಕು ಕವಿಯುತ್ತದೆ. ಇನ್ನೂ ತಣ್ಣಗಾದರೆ ನಡುಕವೇ ನಿಲ್ಲುತ್ತದೆ. ನಡುಕ ನಿಂತು ಮಂಕಾದವರನ್ನು ಕಂಡು ‘ಸುಧಾರಿಸಿಕೊಂಡರು’ ಎಂದುಕೊಳ್ಳಬೇಡಿ. ಶಾಖ ಹುಟ್ಟಿಸುವ ಶಕ್ತಿಯನ್ನೇ ದೇಹ ಕಳೆದುಕೊಳ್ಳುತ್ತಿದೆ ಎಂದು ಅದರ ಅರ್ಥ.

ಈ ಮೂರು ಸಲಹೆಗಳಲ್ಲಿ ತಪ್ಪೇನು?

ಬ್ರಾಂದಿ: ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿ ರಕ್ತ ಚರ್ಮಕ್ಕೆ ಬರುವುದರಿಂದ ಬೆಚ್ಚಗಾದಂತೆ ಅನಿಸುತ್ತದೆ. ನಿಜಕ್ಕೂ ಆಗುವುದು, ಒಳಗಿದ್ದ ಶಾಖ ಹೊರಗೆ ಹೋಗುವುದು.

ಉಜ್ಜುವುದು: ತಣ್ಣಗಾದ ಹೃದಯ ಬಹಳ ಸೂಕ್ಷ್ಮ. ಒರಟಾಗಿ ಎಳೆದಾಡಿದರೆ, ಅಲುಗಾಡಿಸಿದರೆ ಬಡಿತದ ಲಯ ತಪ್ಪಿ ಹೃದಯವೇ ನಿಲ್ಲಬಹುದು. ಹಿಮದಿಂದ ಹೆಪ್ಪುಗಟ್ಟಿದ ಬೆರಳುಗಳನ್ನು ಉಜ್ಜಿದರೆ ಅಲ್ಲಿನ ಮಾಂಸಕ್ಕೂ ಪೆಟ್ಟು.

ಬಿಸಿನೀರು: ಕೈಕಾಲು ಒಮ್ಮೆಲೇ ಬಿಸಿಯಾದರೆ ಅಲ್ಲಿನ ರಕ್ತನಾಳಗಳು ತೆರೆದುಕೊಂಡು ರಕ್ತದೊತ್ತಡ ಕುಸಿಯಬಹುದು. ಕೈಕಾಲಿನಲ್ಲಿ ನಿಂತಿದ್ದ ತಣ್ಣನೆಯ ರಕ್ತ ಹೃದಯದತ್ತ ಹರಿದು ಒಳಗಿನ ತಾಪಮಾನವನ್ನು ಮತ್ತಷ್ಟು ಇಳಿಸಬಹುದು.

ಆಸ್ಪತ್ರೆಯಲ್ಲಿ ಹೇಗೆ ಬಿಸಿ ಮಾಡುತ್ತಾರೆ?

ದೇಹ ಎಷ್ಟು ತಣ್ಣಗಾಗಿದೆ, ಹೃದಯ ಹೇಗಿದೆ ಎಂಬುದರ ಮೇಲೆ ಚಿಕಿತ್ಸೆ ನಿರ್ಧಾರವಾಗುತ್ತದೆ. ಸ್ವಲ್ಪ ತಣ್ಣಗಾದವರಿಗೆ ಒಣಬಟ್ಟೆ, ಕಂಬಳಿ, ಸಿಹಿಯಾದ ಬಿಸಿ ಪಾನೀಯ ಸಾಕು. ಅವರದೇ ನಡುಕ ಉಳಿದ ಕೆಲಸ ಮಾಡುತ್ತದೆ. ಇನ್ನೂ ತಣ್ಣಗಾಗಿದ್ದರೆ ಬಿಸಿಗಾಳಿ ತುಂಬುವ ವಿಶೇಷ ಹೊದಿಕೆ, ಬಿಸಿ ಮಾಡಿದ ಸಲೈನ್, ಬೆಚ್ಚಗಿನ ತೇವವಿರುವ ಆಮ್ಲಜನಕ ಕೊಡುತ್ತಾರೆ.

ಹೃದಯ ನಿಂತೇಹೋಗಿದ್ದರೆ ಎಕ್ಮೋ ಎಂಬ ಯಂತ್ರ ಬೇಕು. ಕೋವಿಡ್ ಕಾಲದಲ್ಲಿ ಈ ಹೆಸರು ನೀವು ಕೇಳಿರುತ್ತೀರಿ. ಇದು ರಕ್ತವನ್ನು ದೇಹದಿಂದ ಹೊರತೆಗೆದು, ಆಮ್ಲಜನಕ ಸೇರಿಸಿ, ಬಿಸಿ ಮಾಡಿ ಮತ್ತೆ ಒಳಗೆ ಕಳಿಸುತ್ತದೆ. ಹೃದಯ ಮತ್ತೆ ಬಡಿಯುವವರೆಗೆ ಅದರ ಕೆಲಸವನ್ನೂ ಮಾಡುತ್ತದೆ.

ಬಿಸಿ ಮಾಡುವುದೂ ಅಪಾಯದ ಘಟ್ಟವೇ

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮಕುಸಿತವಾಯಿತು. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ಬಳಿಕ ಹಿಮದಡಿಯಿಂದ ಜೀವಂತವಾಗಿ ಸಿಕ್ಕರು. ಇಡೀ ನಾಡು ಪ್ರಾರ್ಥಿಸಿತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ‘ಬದುಕಿ ಬಂದವರು ಆಸ್ಪತ್ರೆಯಲ್ಲಿ ಹೇಗೆ ಹೋದರು?’ ಎಂಬ ಪ್ರಶ್ನೆ ಹಲವರ ಮನಸ್ಸಿನಲ್ಲಿತ್ತು.

ಉತ್ತರದ ಒಂದು ಭಾಗ ವೈದ್ಯರ ಅಂದಿನ ಪ್ರಕಟಣೆಯಲ್ಲೇ ಇತ್ತು. ದೇಹವನ್ನು ಬಿಸಿ ಮಾಡುವಾಗ, ತಣ್ಣಗಿದ್ದ ಭಾಗಗಳಿಗೆ ರಕ್ತ ಮತ್ತೆ ಹರಿಯುವಾಗ ತೊಡಕುಗಳು ಬರಬಹುದು, ಮುಂದಿನ 24ರಿಂದ 48 ಗಂಟೆ ಅತ್ಯಂತ ನಿರ್ಣಾಯಕ ಎಂದು ಅವರು ಮೊದಲೇ ಹೇಳಿದ್ದರು. ಜೊತೆಗೆ ನ್ಯುಮೋನಿಯಾ ಇತ್ತು, ಮೂತ್ರಪಿಂಡ ಮತ್ತು ಯಕೃತ್ತು ಸೋತಿದ್ದವು.

ಮೈ ಕೊರಡಾಗಿದ್ದರೆ ಸತ್ತಂತೆಯೇ?

ಅಲ್ಲ. 1999ರಲ್ಲಿ ನಾರ್ವೆಯಲ್ಲಿ ಸ್ಕೀಯಿಂಗ್ ಮಾಡುತ್ತಿದ್ದ ಸ್ವೀಡನ್ನಿನ ವೈದ್ಯೆ ಅನ್ನಾ ಬೋಗೆನ್‌ಹೋಮ್ ಹೆಪ್ಪುಗಟ್ಟಿದ ತೊರೆಯೊಳಗೆ ಬಿದ್ದು 80 ನಿಮಿಷ ಸಿಕ್ಕಿಕೊಂಡರು. ಹೊರತೆಗೆದಾಗ ಉಸಿರಿರಲಿಲ್ಲ, ಹೃದಯ ಬಡಿತವೂ ಇರಲಿಲ್ಲ. ದೇಹದ ತಾಪಮಾನ 13.7 ಡಿಗ್ರಿಗೆ ಇಳಿದಿತ್ತು. ಟ್ರೋಮ್ಸೋ ನಗರದ ಆಸ್ಪತ್ರೆಯ ವೈದ್ಯರು ಯಂತ್ರದ ಮೂಲಕ ರಕ್ತವನ್ನು ಬಿಸಿ ಮಾಡಿದರು. ಅವರು ಬದುಕಿದರು. ಮುಂದೆ ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕೂ ಸೇರಿದರು.

ಇದು ಪವಾಡವಲ್ಲ. ದೇಹ ತಣ್ಣಗಾದಷ್ಟೂ ಮಿದುಳಿಗೆ ಬೇಕಾದ ಆಮ್ಲಜನಕ ಕಡಿಮೆಯಾಗುತ್ತದೆ. ಮಂಜುಗಡ್ಡೆಯ ಕೆಳಗೆ ಅವರಿಗೆ ಉಸಿರಾಡಲು ಸ್ವಲ್ಪ ಗಾಳಿ ಸಿಕ್ಕಿತ್ತು. ಹಾಗಾಗಿ ಹೃದಯ ನಿಲ್ಲುವ ಮೊದಲೇ ಮಿದುಳು ತಣ್ಣಗಾಗಿತ್ತು. ಮೊದಲೇ ಉಸಿರುಕಟ್ಟಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ಬಿಸಿ ಮಾಡಿದ ಮೇಲೂ ಜೀವ ಬಾರದಿದ್ದರೆ ಮಾತ್ರ ಸತ್ತರೆನ್ನಿ ಎಂಬ ಮಾತು ವೈದ್ಯರಲ್ಲಿ ಬಳಕೆಯಲ್ಲಿರುವುದು ಇದಕ್ಕೇ.

ಹಾಗಾದರೆ ನಾವೇನು ಮಾಡಬೇಕು?

* 112ಕ್ಕೆ ಕರೆ ಮಾಡಿ. ಗಾಳಿ, ಮಳೆಯಿಂದ ಮರೆ ಮಾಡಿ.
* ಅಲುಗಾಡಿಸದೆ ಮಲಗಿಸಿ. ಒದ್ದೆ ಬಟ್ಟೆಯನ್ನು ಎಳೆಯದೆ ಕತ್ತರಿಸಿ ತೆಗೆಯಿರಿ.
* ನೆಲದ ತಂಡಿ ತಾಗದಂತೆ ಕೆಳಗೂ ಹಾಸಿ, ತಲೆ ಸೇರಿಸಿ ಮೈತುಂಬ ಹೊದಿಸಿ. ಮುಖ ಮುಚ್ಚಬೇಡಿ.
* ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ, ಕಂಕುಳಿಗೆ ಇಡಿ. ಕೈಕಾಲಿಗೆ ಬೇಡ.
* ಪೂರ್ತಿ ಎಚ್ಚರವಿದ್ದು ನುಂಗಬಲ್ಲವರಿಗೆ ಮಾತ್ರ ಸಿಹಿ ಬಿಸಿ ಪಾನೀಯ ಕೊಡಿ.
* ಪ್ರಜ್ಞೆ ಇಲ್ಲದಿದ್ದರೆ ಉಸಿರು, ನಾಡಿಯನ್ನು ಒಂದು ನಿಮಿಷ ಪೂರ್ತಿ ನೋಡಿ. ತಣ್ಣಗಾದವರಲ್ಲಿ ಅವು ಬಹಳ ನಿಧಾನ. ಇಲ್ಲವೇ ಇಲ್ಲ ಎಂದಾದರೆ ಎದೆ ಒತ್ತುವ ಸಿಪಿಆರ್ ಶುರುಮಾಡಿ.

ನಮ್ಮ ತೀರ್ಮಾನ: ‘ಉಜ್ಜಿ, ಬ್ರಾಂದಿ ಕುಡಿಸಿ, ಬಿಸಿನೀರಿಗೆ ಹಾಕಿ’ ಎಂಬ ಸಲಹೆ ತಪ್ಪು. ಅಂಥ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ನಿಮ್ಮ ಬಳಗದಲ್ಲಿ ಯಾರಾದರೂ ಹಿಮಾಲಯದ ಚಾರಣಕ್ಕೆ ಹೊರಟಿದ್ದರೆ ಮೇಲಿನ ಆರು ಸಾಲುಗಳನ್ನು ಕಳಿಸಿ.