ದೇಶದ ಸಾಲ: ಬಡ್ಡಿ ಕಟ್ಟುವವರು ಯಾರು?

1991ರ ಜುಲೈ ತಿಂಗಳಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ವಿಮಾನವೇರಿ ಲಂಡನ್ನಿಗೆ ಹೋಯಿತು. ಕಷ್ಟ ಬಂದಾಗ ತಾಯಿಯ ಬಳೆ ಅಡವಿಗೆ ಹೋಗುವಂತೆ ದೇಶದ ಚಿನ್ನವೂ ಅಡವಿಗೆ ಹೋಗಿತ್ತು. ಅದರ ಮೇಲೆ ದೊರೆತ ಸಾಲ ಸುಮಾರು 40 ಕೋಟಿ ಡಾಲರ್.

ಎಂಬತ್ತರ ದಶಕದುದ್ದಕ್ಕೂ ಸರ್ಕಾರ ಆದಾಯ ಮೀರಿ ಖರ್ಚು ಮಾಡಿ, ಕೊರತೆಯನ್ನು ಸಾಲದಿಂದ ತುಂಬಿಸಿತ್ತು. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ತೈಲದ ಬೆಲೆ ಏರಿತು. 1991ರ ಮಧ್ಯದ ವೇಳೆಗೆ ಎರಡು-ಮೂರು ವಾರಗಳ ಆಮದಿಗೆ ಸಾಲುವಷ್ಟು ವಿದೇಶಿ ವಿನಿಮಯ ಮಾತ್ರ ಉಳಿದಿತ್ತು. ರೂಪಾಯಿಯ ಮೌಲ್ಯ ತಗ್ಗಿಸಲಾಯಿತು. ಜುಲೈ 24ರಂದು ಮನಮೋಹನ್ ಸಿಂಗ್ ಮಂಡಿಸಿದ ಬಜೆಟ್‌ನಲ್ಲಿ ಅಡುಗೆ ಅನಿಲ, ಪೆಟ್ರೋಲ್, ರಸಗೊಬ್ಬರ, ಪಡಿತರ ಸಕ್ಕರೆ ತುಟ್ಟಿಯಾದವು. ಸಾಲ ಮಾಡಿದ್ದು ದೆಹಲಿ. ಬಿಸಿ ತಟ್ಟಿದ್ದು ಮನೆಮನೆಯ ಒಲೆಗೆ.

ಇಂದಿನ ಲೆಕ್ಕ

ಅಂದಿನಂಥ ವಿದೇಶಿ ವಿನಿಮಯದ ಬಿಕ್ಕಟ್ಟು ಈಗಿಲ್ಲ. ಕೇಂದ್ರ ಸರ್ಕಾರದ ಸಾಲದ ಬಹುಪಾಲು ದೇಶದೊಳಗೇ, ರೂಪಾಯಿಯಲ್ಲೇ ಎತ್ತಿದ್ದು. ಆದರೆ ಬಡ್ಡಿಯ ಹೊರೆ ಸಣ್ಣದಲ್ಲ. 2025-26ರ ಕೇಂದ್ರ ಬಜೆಟ್‌ನ ಒಟ್ಟು ವೆಚ್ಚ 50.65 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಬಡ್ಡಿಗೇ 12.76 ಲಕ್ಷ ಕೋಟಿ. ಶಿಕ್ಷಣ ಸಚಿವಾಲಯಕ್ಕೆ ಸುಮಾರು 1.29 ಲಕ್ಷ ಕೋಟಿ. ಶಾಲೆಗಳ ಖರ್ಚಿನ ದೊಡ್ಡ ಪಾಲನ್ನು ರಾಜ್ಯಗಳು ಹೊರುತ್ತವೆ, ನಿಜ. ಆದರೂ ಹತ್ತು ಪಟ್ಟಿನ ಈ ಅಂತರ ಯೋಚನೆಗೆ ಹಚ್ಚುವಂಥದು. ಬಡ್ಡಿ ಯಾವಾಗಲೂ ಮೊದಲ ಪಂಕ್ತಿಯಲ್ಲಿ ಉಣ್ಣುತ್ತದೆ. ಶಾಲೆ, ಆಸ್ಪತ್ರೆಗಳು ಉಳಿದದ್ದಕ್ಕೆ ಕಾಯಬೇಕು.

ಸಾಲ ಕೊಟ್ಟವರು

ಬ್ಯಾಂಕು, ವಿಮಾ ಕಂಪನಿ, ಭವಿಷ್ಯ ನಿಧಿಗಳು ಸರ್ಕಾರದ ಸಾಲಪತ್ರಗಳನ್ನು ಕೊಳ್ಳುತ್ತವೆ. ಅಂದರೆ ಅಜ್ಜಿಯ ಠೇವಣಿ, ತಂದೆಯ ಭವಿಷ್ಯ ನಿಧಿಯ ಹಣದ ಒಂದಂಶ ಸರ್ಕಾರದ ಕೈಗೆ ಹೋಗಿರುತ್ತದೆ. ಅದರ ಬಡ್ಡಿ ಅವರಿಗೆ ಮರಳುತ್ತದೆ. ಉಳಿತಾಯವೇ ಇಲ್ಲದ ಕೂಲಿಕಾರನಿಗೆ ಆ ಬಡ್ಡಿ ಬರುವುದಿಲ್ಲ. ಆದರೆ ಸಾಬೂನು ಕೊಂಡಾಗ ಅವನು ಕಟ್ಟುವ ತೆರಿಗೆಯ ದರ ಶ್ರೀಮಂತನದ್ದೇ. ಹೊರೆ ಸಮನಾಗಿ ಹಂಚಿಕೆಯಾಗುವುದಿಲ್ಲ ಎನ್ನುವುದು ಇದಕ್ಕೇ.

ಎಲ್ಲ ಸಾಲವೂ ಕೆಟ್ಟದ್ದೆ?

ಖಂಡಿತ ಅಲ್ಲ. ಮಗಳ ಓದಿಗೆ ಮಾಡಿದ ಸಾಲವೂ ಮದುವೆಯ ಚಪ್ಪರಕ್ಕೆ ಮಾಡಿದ ಸಾಲವೂ ಒಂದೇ ಅಲ್ಲ. ರೈಲುಮಾರ್ಗ, ಬಂದರು, ವಿದ್ಯುತ್ ಮಾರ್ಗಕ್ಕೆ ತಂದ ಸಾಲ ಮುಂದೆ ದುಡಿದು ಕೊಡುತ್ತದೆ. ಆದರೆ 2025-26ರ ಬಜೆಟ್ ಅಂದಾಜಿಸಿದ ವಿತ್ತೀಯ ಕೊರತೆ 15.69 ಲಕ್ಷ ಕೋಟಿಯಲ್ಲಿ ಮೂರನೇ ಒಂದು ಪಾಲು ರಾಜಸ್ವ ಕೊರತೆ. ಸಂಬಳ, ಪಿಂಚಣಿ, ಸಬ್ಸಿಡಿ, ಹಳೆಯ ಸಾಲದ ಬಡ್ಡಿ ಮುಂತಾದ ನಿತ್ಯದ ಖರ್ಚಿಗೆ ಆದಾಯ ಸಾಲದೆ ಮಾಡುವ ಸಾಲವಿದು.

ಬಜೆಟ್ ದಿನ ಯಾವುದು ಅಗ್ಗ, ಯಾವುದು ತುಟ್ಟಿ ಎಂದು ನೋಡುವುದು ರೂಢಿ. ಜೊತೆಗೆ ಬಡ್ಡಿ ಎಷ್ಟು, ರಾಜಸ್ವ ಕೊರತೆ ಎಷ್ಟು ಎಂಬ ಎರಡು ಅಂಕಿಗಳನ್ನು ತಂದೆ ಮಕ್ಕಳು ಒಟ್ಟಿಗೆ ಕುಳಿತು ನೋಡುವುದು ಒಳ್ಳೆಯದು. ಹತ್ತನೆಯ ತರಗತಿಯ ಹುಡುಗ ಹುಡುಗಿಯರಿಗೆ ಇನ್ನೂ ಮತವಿಲ್ಲ. ತೀರಿಸುವ ಸರದಿ ಮಾತ್ರ ಅವರದೇ.